ಇಂಗಾಲ ತುಂಬಿದರೆ ಸಾಲದು, ಬದಲಿಸಲೂ ಬೇಕು

ಮಾನ್ಯರೇ,

ಕಾರ್ಖಾನೆಗಳ ಕೊಳಕು ನೀರನ್ನು ಸಕ್ರಿಯ ಇಂಗಾಲದಿಂದ (ಆಕ್ಟಿವೇಟೆಡ್ ಕಾರ್ಬನ್) ಶುದ್ಧ ಮಾಡುವ ಕುರಿತ ನಿಮ್ಮ ವರದಿ ಚೆನ್ನಾಗಿತ್ತು. ಆದರೆ ಆ ಇಂಗಾಲವನ್ನು ಯಾವಾಗ ಬದಲಿಸಬೇಕು ಎಂಬ ಮಾತೇ ಅದರಲ್ಲಿ ಇರಲಿಲ್ಲ.

ತೆಂಗಿನ ಚಿಪ್ಪು, ಕಲ್ಲಿದ್ದಲು ಅಥವಾ ಮರದಿಂದ ಮಾಡುವ ಈ ಇಂಗಾಲದ ತುಂಬ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಬರೀ ಒಂದು ಗ್ರಾಮಿನ ಒಳಮೈ ಹರಡಿದರೆ ಸುಮಾರು 1,000 ಚದರ ಮೀಟರ್ ಆಗಬಹುದು! ಬಣ್ಣ, ಫೀನಾಲ್, ಕೀಟನಾಶಕದಂಥ ಸಾವಯವ (ಇಂಗಾಲ ಮೂಲದ) ರಾಸಾಯನಿಕಗಳು ಆ ಮೈಗೆ ಅಂಟಿಕೊಳ್ಳುತ್ತವೆ. ಆದರೆ ಜಾಗ ತುಂಬಿದ ಮೇಲೆ ಅಂಟುವುದೆಲ್ಲಿಗೆ? ಕೊಳೆ ಹಾಗೇ ದಾಟಿ ಹೋಗುತ್ತದೆ. ಹೊರಗೆ ಬರುವ ನೀರು ನೋಡಲು ತಿಳಿಯಾಗಿಯೇ ಇರಬಹುದು, ಅದೇ ಅಪಾಯ. ಕರಗಿದ ಉಪ್ಪು, ಮೆಥನಾಲ್‌ನಂಥವನ್ನಂತೂ ಹೊಸ ಇಂಗಾಲವೂ ಸರಿಯಾಗಿ ಹಿಡಿಯುವುದಿಲ್ಲ.

ಬದಲಿಸುವುದು ಖರ್ಚಿನ ಕೆಲಸ, ಹಾಗಾಗಿ ಮುಂದೂಡುವ ಆಸೆ ಸಹಜ ಅಲ್ವಾ? ಆದರೆ ಬಳಸಿದ ಹರಳು ರೂಪದ (ಪುಡಿಯಲ್ಲದ) ಇಂಗಾಲವನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಶಾಖದಲ್ಲಿ ಕಾಯಿಸಿ ಮತ್ತೆ ಬಳಸಬಹುದು. ಪ್ರತಿ ಸಲ ಸ್ವಲ್ಪ ಇಂಗಾಲ ನಷ್ಟವಾಗುತ್ತದೆ, ಅಷ್ಟೇ.

ಇಂಗಾಲದ ತೊಟ್ಟಿಯಿಂದ ಹೊರಬರುವ ನೀರನ್ನು ನಿಯಮಿತವಾಗಿ ಪರೀಕ್ಷಿಸಬೇಕು. ಆ ಫಲಿತಾಂಶವನ್ನೂ ಇಂಗಾಲ ಬದಲಿಸಿದ ದಿನಾಂಕವನ್ನೂ ಕಾರ್ಖಾನೆಯ ಗೇಟಿನ ಫಲಕದಲ್ಲಿ ಬರೆಯುವಂತೆ ಸರ್ಕಾರ ನಿಯಮ ಮಾಡಲಿ.

– ಒಬ್ಬ ಓದುಗ