17 ಸಾಲುಗಳ ಹಿಂದೆ ನಿಂತವರಿಗೆ

ಹೋದ ಶುಕ್ರವಾರ ಸಂಜೆ ಶಾಲೆಯಿಂದ ಬಂದವಳು ಚೀಲ ಕೆಳಗಿಡುವ ಮೊದಲೇ ಮೇಲ್ ನೋಡಿದೆ. ನಮ್ಮ ಅಳತೆಗಳು ಪ್ರಕಟವಾಗಿವೆ! 2019ರಿಂದ 2024ರವರೆಗೆ ತಾರಸಿ ಮೇಲಿನಿಂದ ಒಂದೇ ಒಂದು ಜೋಡಿ ನಕ್ಷತ್ರವನ್ನು ಅಳೆದದ್ದು. 17 ರಾತ್ರಿ, ಪಟ್ಟಿಯಲ್ಲಿ 17 ಸಾಲು. ಲೇಖನದ ಕೊನೆಯಲ್ಲಿ ಕೃತಜ್ಞತೆ ಹೇಳಲು ಎರಡು ಸಾಲು ಜಾಗ ಕೊಟ್ಟಿದ್ದರು, ಅದೂ ಇಂಗ್ಲಿಷಿನಲ್ಲಿ. ನಮ್ಮೂರಿನ ಬೀದಿ ದೀಪ ಆರಿಸಿದವರಿಗೆ ಅದು ತಲುಪುವುದು ಹೇಗೆ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನಕ್ಷತ್ರದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರು ಏನು ಮಾಡಿದರು ಅನ್ನುವುದು ತಿಳಿಯುವುದಿಲ್ಲ. ಹೆಸರು 70 ಓಫಿಯೂಕಿ. ಹಾವು ಹಿಡಿದವನ ಚಿತ್ರದ ಉರಗಧರ ನಕ್ಷತ್ರಪುಂಜದಲ್ಲಿದೆ. ಕತ್ತಲೆ ಚೆನ್ನಾಗಿದ್ದರೆ ಬರಿಗಣ್ಣಿಗೆ ಮಂಕಾಗಿ ಒಂದೇ ಚುಕ್ಕಿ ಕಾಣುತ್ತದೆ. ಟೆಲಿಸ್ಕೋಪಿನಲ್ಲಿ ಅದು ಎರಡಾಗುತ್ತದೆ, ಒಂದು ಅರಿಶಿನದ ಬಣ್ಣ, ಇನ್ನೊಂದು ಸ್ವಲ್ಪ ಕೆಂಡದ ಬಣ್ಣ. ನಮ್ಮಿಂದ ಸುಮಾರು 16.7 ಜ್ಯೋತಿರ್ವರ್ಷ ದೂರ. ನಕ್ಷತ್ರಗಳ ಲೆಕ್ಕದಲ್ಲಿ ಇದು ಪಕ್ಕದ ಬೀದಿ. ಎರಡೂ ಒಂದನ್ನೊಂದು ಸುತ್ತಲು ಸುಮಾರು 88 ವರ್ಷ ನಾಲ್ಕೂವರೆ ತಿಂಗಳು ಬೇಕು. ಕಕ್ಷೆ ಗುಂಡಗಿಲ್ಲ, ಉದ್ದಕ್ಕೆ ಎಳೆದ ಹಾಗಿದೆ. 1984ರಲ್ಲಿ ಎರಡೂ ತೀರಾ ಹತ್ತಿರ ಬಂದಿದ್ದವು, ಈಗ ದೂರದ ತುದಿಯಲ್ಲಿವೆ.

ದೂರ ಅಂದರೂ ನಮ್ಮ ಕಣ್ಣಿಗೆ ಎಷ್ಟು? ಈಗ ಆ ಎರಡರ ನಡುವೆ ಆರೂವರೆ ಆರ್ಕ್‌ಸೆಕೆಂಡಿನಷ್ಟು ಅಂತರ. ಒಂದು ಡಿಗ್ರಿಯನ್ನು 3600 ಭಾಗ ಮಾಡಿದರೆ ಒಂದು ಭಾಗ ಒಂದು ಆರ್ಕ್‌ಸೆಕೆಂಡ್. 10 ರೂಪಾಯಿ ನಾಣ್ಯವನ್ನು ಸುಮಾರು 850 ಮೀಟರ್ ದೂರದಲ್ಲಿ ಹಿಡಿದರೆ ಎಷ್ಟು ಅಗಲ ಕಾಣುತ್ತದೋ ಅಷ್ಟು. ನಾನು ಅಳೆಯುವುದು ಎರಡೇ ಸಂಗತಿ: ಆ ಅಂತರ, ಮತ್ತು ದೊಡ್ಡ ನಕ್ಷತ್ರದಿಂದ ಚಿಕ್ಕದು ಯಾವ ದಿಕ್ಕಿಗಿದೆ ಅನ್ನುವ ಕೋನ. ಈಗ ಆ ಕೋನ ಬದಲಾಗುವುದು ವರ್ಷಕ್ಕೆ ಒಂದು ಡಿಗ್ರಿಯ ಆಸುಪಾಸು. ಆರು ವರ್ಷ ಎದ್ದು ಕೂತರೂ ಕಕ್ಷೆಯ ಒಂದು ಸಣ್ಣ ತುಣುಕು ಮಾತ್ರ ಸಿಗುತ್ತದೆ.

ಈ ನಕ್ಷತ್ರ ಸಂಜೆ ನೆತ್ತಿಗೆ ಬರುವ ಕಾಲ ನಮಗೆ ಮಳೆಗಾಲ. ತಿಪಟೂರಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡವನ್ನು ನಂಬಿ ಕೂರುವ ಹಾಗಿಲ್ಲ. ಹಾಗಾಗಿ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಬೆಳಗಿನ ಜಾವ ಮೂರೂವರೆಗೆ ಏಳಬೇಕು. ಐದಕ್ಕೆಲ್ಲ ಆಕಾಶ ಬೆಳ್ಳಗಾಗಲು ಶುರು. ಆ ಒಂದೂವರೆ ಗಂಟೆಯೇ ನನ್ನ ಪಾಲಿನದು.

ಆ ಹೊತ್ತಿನಲ್ಲಿ ನಮ್ಮ ಮನೆ ಮುಂದಿನ ಎಲ್‌ಇಡಿ ಬೀದಿ ದೀಪ ತಾರಸಿಗೆಲ್ಲ ಹಾಲು ಚೆಲ್ಲಿದ ಹಾಗೆ ಬೆಳಕು ಸುರಿಯುತ್ತಿತ್ತು. ಪಂಚಾಯಿತಿಯ ವಾಟರ್‌ಮ್ಯಾನ್ ಅಣ್ಣನ ಹತ್ತಿರ ಹೇಗೆ ಕೇಳುವುದು ಅಂತ ನಾನು ಒಂದು ವಾರ ಹಿಂದೆಮುಂದೆ ನೋಡಿದೆ. ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಮೇಷ್ಟ್ರಮ್ಮ, ಯಾವ್ ಯಾವ್ ದಿನ ಅಂತ ಬರೆದುಕೊಡಿ." ಅಕ್ಕಪಕ್ಕದ ನಾಲ್ಕು ಮನೆಯವರನ್ನೂ ಅವರೇ ಹೋಗಿ ಒಪ್ಪಿಸಿ ಬಂದರು. ಆಮೇಲೆ ನೀರು ಬಿಡಲು ಏಳುವ ಮನುಷ್ಯ ಅದಕ್ಕೂ ಮೊದಲೇ ಎದ್ದು, ನಾನು ಕೊಟ್ಟ ದಿನ ಬಂದು ದೀಪ ಆರಿಸಿ, ಐದಕ್ಕೆ ಮತ್ತೆ ಹಾಕಿ ಹೋಗುತ್ತಿದ್ದರು. ಆರು ವರ್ಷ. ಒಂದು ದಿನವೂ ತಪ್ಪಿಸಲಿಲ್ಲ. ಅಣ್ಣ, ಆ 17 ರಾತ್ರಿಗಳೂ ನೀವು ಕೊಟ್ಟ ಕತ್ತಲೆ.

ಬಸ್ ಸ್ಟ್ಯಾಂಡ್ ಹತ್ತಿರದ ವೆಲ್ಡಿಂಗ್ ಅಂಗಡಿಯವರಿಗೂ ಹೇಳಬೇಕು. ಎಂಟು ಇಂಚಿನ ಹಳೇ ಟೆಲಿಸ್ಕೋಪನ್ನು ಮೂರು ಕಾಲಿನ ಸ್ಟ್ಯಾಂಡ್ ಮೇಲಿಟ್ಟರೆ ಗಾಳಿಗೆ ನಡುಗುತ್ತಿತ್ತು. ಅವರು ಬೋರ್‌ವೆಲ್ ಪೈಪಿನ ತುಂಡಿಗೆ ಅಡಿಪಟ್ಟಿ ಬೆಸೆದು, ಒಳಗೆ ಮರಳು ತುಂಬಿ, ಒಂದು ಕಂಬ ಮಾಡಿಕೊಟ್ಟರು. ಕೂಲಿ ತೆಗೆದುಕೊಳ್ಳಲಿಲ್ಲ, ಮಗನಿಗೆ ಶನಿ ಗ್ರಹ ತೋರಿಸಿ ಸಾಕು ಅಂದರು. ತೋರಿಸಿದ್ದೇನೆ.

ಈಗ ನನ್ನ ತಪ್ಪಿನ ವಿಷಯ. ಕೋನ ಅಳೆಯಬೇಕಾದರೆ ಕ್ಯಾಮೆರಾದ ಚೌಕಟ್ಟು ಆಕಾಶದ ಉತ್ತರಕ್ಕೆ ಎಷ್ಟು ತಿರುಗಿ ಕೂತಿದೆ ಅಂತ ಗೊತ್ತಿರಬೇಕು. ಅದಕ್ಕೊಂದು ಸುಲಭ ಉಪಾಯವಿದೆ. ನಕ್ಷತ್ರದ ಹಿಂದೆ ಟೆಲಿಸ್ಕೋಪನ್ನು ತಿರುಗಿಸುವ ಮೋಟಾರ್ ನಿಲ್ಲಿಸಿಬಿಟ್ಟರೆ ಭೂಮಿ ತಿರುಗುವುದರಿಂದ ನಕ್ಷತ್ರ ತಾನಾಗಿ ಪೂರ್ವದಿಂದ ಪಶ್ಚಿಮಕ್ಕೆ ಚೌಕಟ್ಟಿನಲ್ಲಿ ಜಾರುತ್ತದೆ. ಆ ಗೆರೆಯೇ ದಿಕ್ಕು. ಈ ನಕ್ಷತ್ರ ಆಕಾಶದ ನಡುಗೆರೆಯ (ಭೂಮಧ್ಯರೇಖೆಯ ನೇರಕ್ಕೆ ಬರುವ ಗೆರೆ) ಹತ್ತಿರ ಇರುವುದರಿಂದ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡ್ ಜಾರುತ್ತದೆ, ಅದರಿಂದ ಚಿತ್ರದ ಅಳತೆಕೋಲೂ ಸಿಗುತ್ತದೆ. 2020ರಲ್ಲಿ ನಾನು ಇದನ್ನು ಸೀಸನ್ನಿನ ಶುರುವಿನಲ್ಲಿ ಒಮ್ಮೆ ಮಾಡಿ ಬಿಟ್ಟೆ. ನಡುವೆ ಕ್ಯಾಮೆರಾ ಬಿಚ್ಚಿ ಹಾಕಿದ್ದು ಮರೆತೇಹೋಗಿತ್ತು. ಮೂರು ರಾತ್ರಿಯ ಅಳತೆಗಳು ಒಂದೂವರೆ ಡಿಗ್ರಿ ಓರೆ ಬಂದವು.

ಅದನ್ನು ಹಿಡಿದವರು ಬೆಂಗಳೂರಿನ ಒಬ್ಬ ಹಿರಿಯ ಹವ್ಯಾಸಿ. ನಾನು ಅವರನ್ನು ಅದುವರೆಗೆ ಭೇಟಿಯೂ ಆಗಿರಲಿಲ್ಲ. ಅಂಕಿಗಳನ್ನು ಕಳಿಸಿದ ರಾತ್ರಿಯೇ ಫೋನ್ ಮಾಡಿ, "ನಕ್ಷತ್ರ ಹೀಗೆ ಕುಣಿಯಲ್ಲಮ್ಮ, ಕ್ಯಾಮೆರಾ ನೋಡಿ" ಅಂದರು. ನಂತರ ಎರಡು ತಿಂಗಳು, ಪ್ರತಿ ಭಾನುವಾರ ಒಂದು ಗಂಟೆ ಕೂತು ಕಲಿಸಿದರು. ಸಾವಿರಾರು ಸಣ್ಣ ಸಣ್ಣ ಫ್ರೇಮ್ ತೆಗೆದು ಗಾಳಿ ಕ್ಷಣಕಾಲ ನಿಂತಾಗ ಸಿಕ್ಕ ಚೊಕ್ಕ ಚಿತ್ರಗಳನ್ನಷ್ಟೇ ಆರಿಸುವುದು, ತಪ್ಪನ್ನು ಅಡಗಿಸದೆ ಅಳತೆಯ ಪಕ್ಕದಲ್ಲೇ ಬರೆಯುವುದು, ಎಲ್ಲ ಅವರಿಂದ ಬಂದದ್ದು. ಸರ್, ಆ ಮೂರು ರಾತ್ರಿಗಳನ್ನು ಪಟ್ಟಿಯಿಂದ ತೆಗೆದೆ. ನೀವು ಹೇಳಿದ ಹಾಗೆ ನೋಟ್‌ಬುಕ್ಕಿನಲ್ಲಿ ಮಾತ್ರ ಹೊಡೆದುಹಾಕದೆ ಉಳಿಸಿದ್ದೇನೆ.

ಈ ತಪ್ಪು ಎಷ್ಟು ದೊಡ್ಡದು ಅಂತ ನನಗೆ ಅರ್ಥವಾದದ್ದು ಇದೇ ನಕ್ಷತ್ರದ ಹಳೇ ಕಥೆ ಓದಿದಾಗ. 1855ರಲ್ಲಿ ಮದ್ರಾಸಿನ ಈಸ್ಟ್ ಇಂಡಿಯಾ ಕಂಪನಿಯ ವೀಕ್ಷಣಾಲಯದಲ್ಲಿದ್ದ ಡಬ್ಲ್ಯೂ. ಎಸ್. ಜೇಕಬ್, 70 ಓಫಿಯೂಕಿ ಲೆಕ್ಕ ಹೇಳಿದ ದಾರಿಯಲ್ಲಿ ಹೋಗುತ್ತಿಲ್ಲ, ಅಲ್ಲೊಂದು ಗ್ರಹ ಇರುವ ಸಂಭವ ಹೆಚ್ಚು ಅಂತ ಬರೆದರು. ಬೇರೆ ನಕ್ಷತ್ರಕ್ಕೆ ಗ್ರಹ ಇದೆ ಅಂತ ಅಳತೆಗಳ ಆಧಾರದ ಮೇಲೆ ಹೇಳಿದ ಮೊದಮೊದಲ ಮಾತುಗಳಲ್ಲಿ ಅದೂ ಒಂದು, ಅದೂ ನಮ್ಮ ಪಕ್ಕದ ಮದ್ರಾಸಿನಿಂದ! 1890ರ ದಶಕದಲ್ಲಿ ಅಮೆರಿಕದ ಥಾಮಸ್ ಸೀ ಕೂಡ ಅಂಥದ್ದೇ ಮಾತು ಹೇಳಿದರು. ಅವರು ಹೇಳಿದಂಥ ಮೂರನೇ ಕಾಯ ಅಲ್ಲಿ ಬಹಳ ದಿನ ಉಳಿಯಲಾರದು ಅಂತ ಫಾರೆಸ್ಟ್ ಮೌಲ್ಟನ್ ಲೆಕ್ಕ ಹಾಕಿ ತೋರಿಸಿದರು. ಆ ಗ್ರಹ ನಿಲ್ಲಲಿಲ್ಲ. ಅಳತೆಯಲ್ಲಿ ನುಸುಳಿದ ಸಣ್ಣ ಸಣ್ಣ ಓರೆಗಳು ಗ್ರಹದ ಹಾಗೆ ಕಂಡಿದ್ದವು. ನನ್ನ ಒಂದೂವರೆ ಡಿಗ್ರಿ ಅಂದರೆ ಆರ್ಕ್‌ಸೆಕೆಂಡಿನ ಆರನೇ ಒಂದು ಭಾಗ. ಸುಮ್ನೆ ಬಿಟ್ಟಿದ್ದರೆ ಮುಂದೆ ಯಾರಿಗೆ ಏನು ಕಾಣುತ್ತಿತ್ತೋ. ಜೇಕಬ್ ಬಗ್ಗೆ ನನಗೆ ತುಂಬಾ ಗೌರವ. ಟೆಲಿಸ್ಕೋಪಿಗೆ ಸಿಕ್ಕಿಸುವ ಅಳತೆ ಸಾಧನ ಮೈಕ್ರೋಮೀಟರಿನ ಎಳೆಗೆ ಕಣ್ಣಿಟ್ಟು ಅಳೆಯುವ ಕಾಲ ಅದು. ಮದ್ರಾಸಿನ ಆ ವೀಕ್ಷಣಾಲಯದ ಪರಂಪರೆಯೇ ಕೊಡೈಕೆನಾಲ್ ದಾಟಿ ಇವತ್ತು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಾಗಿ ಮುಂದುವರಿದಿದೆ.

2021ರ ಬಗ್ಗೆ ಬರೆಯಲು ಇನ್ನೂ ಕೈ ಹಗುರ ಆಗುವುದಿಲ್ಲ. ಏಪ್ರಿಲ್ ಮೂರನೇ ವಾರ ನಮ್ಮ ಯಜಮಾನರಿಗೆ ಕೋವಿಡ್ ಜೋರಾಯಿತು. 19 ದಿನ ಆಸ್ಪತ್ರೆ, ಅದರಲ್ಲಿ ಆರು ದಿನ ಆಕ್ಸಿಜನ್. ಊರಿನವರು ಅನ್ನ ಕಟ್ಟಿ ಕಳಿಸಿದ್ದು, ರಾತ್ರಿ ಹನ್ನೊಂದಕ್ಕೆ ಕಾರು ತೆಗೆದದ್ದು, ಯಾವುದನ್ನೂ ಮರೆತಿಲ್ಲ. ನಕ್ಷತ್ರದ ನೆನಪು ನನಗೆ ಇರಲಿಲ್ಲ. ನೆನಪಿದ್ದದ್ದು ನನ್ನ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಗೆ. ನಮ್ಮ ಮನೆ ಹಿಂದಿನ ಬೀದಿಯವಳು, ಎರಡು ವರ್ಷದಿಂದ ನನ್ನ ಜೊತೆ ತಾರಸಿ ಹತ್ತುತ್ತಿದ್ದಳು. ಹೊರಗಿನ ಮೆಟ್ಟಿಲಿನಿಂದ ಹತ್ತಿ, ಕೆಳಗೆ ತಾತನನ್ನು ಕೂರಿಸಿಕೊಂಡು, ಎರಡು ಬೆಳಗಿನ ಜಾವ ಅವಳೊಬ್ಬಳೇ ಅಳತೆ ತೆಗೆದಳು. ಪ್ರತಿ ಸಲ ಮೋಟಾರ್ ನಿಲ್ಲಿಸಿ ದಿಕ್ಕಿನ ಗೆರೆ ತೆಗೆಯುವುದನ್ನೂ ಮರೆತಿರಲಿಲ್ಲ. ನನಗೆ ತಿಳಿದದ್ದು ಮೇ ಕೊನೆಯಲ್ಲಿ, ಯಜಮಾನರು ಮನೆಗೆ ಬಂದು ಸ್ವಲ್ಪ ಓಡಾಡುವ ಹಾಗಾದ ಮೇಲೆ. ನೋಟ್‌ಬುಕ್ ತೆಗೆದರೆ ಅವಳ ಗುಂಡು ಅಕ್ಷರದಲ್ಲಿ ಎರಡು ಪುಟ. ಅಲ್ಲೇ ಕೂತು ಅತ್ತೆ.

17 ಸಾಲಿನಲ್ಲಿ ಒಂಬತ್ತು ಮತ್ತು ಹತ್ತನೆಯವು ಅವಳವು. ಅವಳ ಹೆಸರೂ ನನ್ನ ಹೆಸರಿನ ಪಕ್ಕದಲ್ಲಿದೆ. ಕಂದ, ಕಕ್ಷೆಯ ಗೆರೆಗೆ ಅತಿ ಹತ್ತಿರ ಬಿದ್ದ ಚುಕ್ಕಿಗಳು ಅವೇ.

ಪಕ್ಕದ ಮನೆ ಅಜ್ಜಿ ಒಮ್ಮೆ, "ದಿನಾ ಎದ್ದು ಅರುಂಧತಿ ನೋಡ್ತೀಯೇನವ್ವ?" ಅಂತ ಕೇಳಿದ್ದರು. ಅವತ್ತೇ ಅವರನ್ನು ಕರೆದು ವಸಿಷ್ಠನನ್ನು ತೋರಿಸಿದೆ. ಟೆಲಿಸ್ಕೋಪಿನಲ್ಲಿ ವಸಿಷ್ಠನೇ ಎರಡು. ಅದರಲ್ಲೊಂದು ಮತ್ತೆ ಎರಡು, 20 ದಿನ ಚಿಲ್ಲರೆಗೆ ಒಂದು ಸುತ್ತು, ಅದು ನನ್ನ ಟೆಲಿಸ್ಕೋಪಿಗೆ ಬಿಡಿಯಾಗಿ ಕಾಣುವುದಿಲ್ಲ ಅಂದೆ. ಅಜ್ಜಿ ಬಹಳ ಹೊತ್ತು ನೋಡಿದರು. ಅವತ್ತಿನಿಂದ ನಾನು ಎದ್ದ ದಿನವೆಲ್ಲ ಐದಕ್ಕೆ ಅವರ ಮನೆಯಿಂದ ಕಾಫಿ ಬರುತ್ತಿತ್ತು. ಅಜ್ಜಿ ಈಗಿಲ್ಲ. ಅವರ ಸೊಸೆ ಕಳಿಸುತ್ತಾರೆ.

ಇಷ್ಟೆಲ್ಲ ಯಾಕೆ ಅಳೆಯಬೇಕು, ಬಾಹ್ಯಾಕಾಶದಿಂದ ನಕ್ಷತ್ರಗಳ ಸ್ಥಾನ ಅಳೆದ ಗಯಾ ಉಪಗ್ರಹದ ಮಾಹಿತಿ ಇದೆಯಲ್ಲ ಅಂತ ಕೆಲವರು ಕೇಳಿದ್ದಾರೆ. ಗಯಾದ ಕಣ್ಣಿಗೆ ನನ್ನದನ್ನು ಹೋಲಿಸುವ ಹಾಗೇ ಇಲ್ಲ. ಆದರೆ ಅದರ ಮೂರನೇ ಕಂತಿನ ಮಾಹಿತಿ 34 ತಿಂಗಳ ನೋಟದ್ದು, ಈ ಜೋಡಿಯ ಸುತ್ತು 88 ವರ್ಷದ್ದು. ಅಷ್ಟು ಉದ್ದದ ಕಕ್ಷೆಗೆ ಹಳೇ ಅಳತೆಗಳೂ ಬೇಕು, ಮುಂದಿನವೂ ಬೇಕು. ವಿಲಿಯಂ ಹರ್ಷೆಲ್ ಇದು ಜೋಡಿ ಅಂತ ಕಂಡದ್ದು 1779ರಲ್ಲಿ. ಅಲ್ಲಿಂದ ಇಲ್ಲಿಗೆ ಇನ್ನೂ ಮೂರು ಸುತ್ತು ಮುಗಿದಿಲ್ಲ!

ಕಕ್ಷೆ ಗೊತ್ತಾದರೆ ಏನು ಸಿಗುತ್ತದೆ ಅಂತ ಹತ್ತನೇ ಕ್ಲಾಸಿನ ಮಕ್ಕಳಿಗೆ ಬೋರ್ಡಿನ ಮೇಲೆ ಮಾಡಿ ತೋರಿಸಿದೆ. ಕಕ್ಷೆಯ ಅರ್ಧ ಉದ್ದ ಸುಮಾರು 4.55 ಆರ್ಕ್‌ಸೆಕೆಂಡ್. ದೂರ ಗೊತ್ತಿರುವುದರಿಂದ ಅದು ಭೂಮಿ–ಸೂರ್ಯರ ಅಂತರದ 23.3ರಷ್ಟು. ಅದರ ಘನ ಸುಮಾರು 12,600. ಒಂದು ಸುತ್ತಿನ ವರ್ಷಗಳು 88.4, ಅದರ ವರ್ಗ ಸುಮಾರು 7,800. ಘನವನ್ನು ವರ್ಗದಿಂದ ಭಾಗಿಸಿದರೆ 1.6. ಎರಡೂ ನಕ್ಷತ್ರ ಸೇರಿ ನಮ್ಮ ಸೂರ್ಯನ 1.6 ಪಟ್ಟು ತೂಕ. ತಕ್ಕಡಿ ಇಲ್ಲದೆ ನಕ್ಷತ್ರ ತೂಗಿದಿರಾ ಮಿಸ್ ಅಂದ ಒಬ್ಬ. ಹೌದಪ್ಪ, ಇದೇ ಕೆಪ್ಲರನ ಮೂರನೇ ನಿಯಮ, ಅಲ್ವಾ?

ಈ ಜೋಡಿ ಮತ್ತೆ ತೀರಾ ಹತ್ತಿರ ಬರುವುದು 2072ರಲ್ಲಿ. ಆಗ ಆ ಹುಡುಗಿಗೆ 65 ವರ್ಷ. ಈಗ ಅವಳು ತುಮಕೂರಿನಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. ನೋಟ್‌ಬುಕ್ಕಿನ ಜೆರಾಕ್ಸ್ ಮಾಡಿಸಿ ಬೈಂಡ್ ಹಾಕಿಸಿದ್ದೇನೆ, ದಸರಾ ರಜೆಗೆ ಬಂದಾಗ ಕೊಡಬೇಕು. ಜೆರಾಕ್ಸ್ ನನಗೆ, ಮೂಲ ಅವಳಿಗೆ.

ವಾಟರ್‌ಮ್ಯಾನ್ ಅಣ್ಣ, ಫೆಬ್ರವರಿಯ ದಿನಗಳನ್ನು ಜನವರಿಯಲ್ಲೇ ಬರೆದು ಕೊಡುತ್ತೇನೆ.