ಲಾಸ್ ಏಂಜಲೀಸ್‌ಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ನಾಡಿದ್ದು ನಿನ್ನ ವಿಮಾನ. ಭಾನುವಾರದಿಂದ ನಾವಿಬ್ಬರೂ ಅಮ್ಮನ ಮೂಲಕವೇ ಮಾತಾಡುತ್ತಿದ್ದೇವೆ. ಎದುರು ಕೂತರೆ ನನ್ನ ದನಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಚಿಕ್ಕಪ್ಪನ ಮುಂದೆ "ಆಟ ಆಡೋಕೆ ಅಮೆರಿಕ ಯಾಕೆ" ಅಂದಿದ್ದು ನಿನಗೆ ಚುಚ್ಚಿದೆ, ಬೇಜಾರು ಮಾಡ್ಕೋಬೇಡ. ಸಾಲದ ಬಗ್ಗೆ ಕೇಳಿದ್ದನ್ನು ಮಾತ್ರ ಹಿಂದಕ್ಕೆ ತಗೊಳ್ಳಲ್ಲ.

ನೀನು ವಿಡಿಯೋ ಗೇಮ್ ಮಾಡೋದು ಕಲಿಯಲು ಸೇರುವ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲೇ ಅಲೆಕ್ಸ್ ಬೀಚಮ್ ಮಾಸ್ಟರ್ಸ್ ಓದುತ್ತಾ 'ಔಟರ್ ವೈಲ್ಡ್ಸ್' ಅನ್ನೋ ಬಾಹ್ಯಾಕಾಶದ ಗೇಮು ಶುರುಮಾಡಿದನಂತಲ್ಲ. ಆ ಗೇಮು ಹೊರಬಂದದ್ದು 2019ರಲ್ಲಿ, ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯಲ್ಲಿ ವರ್ಷದ ಅತ್ಯುತ್ತಮ ಗೇಮ್. ಇದನ್ನೆಲ್ಲ ಬ್ಯಾಂಕ್ ಮ್ಯಾನೇಜರಿಗೂ ಹೇಳಿದೆ. ಅವರು ಕೇಳಲಿಲ್ಲ, ನಾನೇ ಹೇಳಿದೆ.

ನನ್ನ ತಲೆಯಲ್ಲಿ ಕೂತಿರೋದು ಅದೇ ಗೇಮಿನ ಒಂದು ಗಳಿಗೆ. ನೀನು ಆಡುತ್ತಿದ್ದೆ, ನಾನು ಕುರ್ಚಿ ಹಿಂದೆ ನಿಂತಿದ್ದೆ. ಬ್ರಿಟಲ್ ಹಾಲೋ ಗ್ರಹದ ನೆಲ ಚೂರುಚೂರಾಗಿ ನಡುವಿನ ಕಪ್ಪುಕುಳಿಗೆ ಬೀಳುತ್ತಿತ್ತು, ನೀನೂ ಬಿದ್ದೆ. ಎದ್ದದ್ದು ಸೌರಮಂಡಲದ ಅಂಚಿನಲ್ಲಿ. ನೌಕೆ ಇಲ್ಲ. ಬೆನ್ನಿಗೆ ಕಟ್ಟಿದ ಜೆಟ್‌ಪ್ಯಾಕಿನ ಇಂಧನ ಮುಗಿಯಿತು, ಇನ್ನು ಆಮ್ಲಜನಕವನ್ನೇ ಉಗುಳಿ ತಳ್ಳುತ್ತೇನೆ ಅಂತ ಸೂಚನೆ ಬಂತು. ನೀನು ಬಟನ್ ಬಿಡಲೇ ಇಲ್ಲ! "ನಿಲ್ಸೇ" ಅಂದೆ ನಾನು. "ಸುಮ್ನಿರಪ್ಪ, ಸತ್ರೆ ಮತ್ತೆ ಎದ್ದೇಳ್ತೀನಿ" ಅಂದೆ ನೀನು. ಸತ್ತೆ. ಶಿಬಿರದ ಬೆಂಕಿ ಪಕ್ಕ ಕಣ್ಣು ಬಿಟ್ಟೆ. ಅಲ್ಲಿ ಸೂರ್ಯನೇ 22 ನಿಮಿಷಕ್ಕೊಮ್ಮೆ ಸಿಡಿದು ಎಲ್ಲ ಮೊದಲಿಂದ ಶುರುವಾಗುತ್ತದೆ, ಯಾರಿಗೇನು ನಷ್ಟ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ನ್ಯೂಟನ್ನನ ಮೂರನೇ ನಿಯಮ ಹೇಳಿಕೊಟ್ಟವನು ನಾನು. ನಿರ್ವಾತದಲ್ಲಿ ಹಿಂದಕ್ಕೆ ಏನಾದರೂ ಉಗುಳದೆ ಮುಂದಕ್ಕೆ ಹೋಗಲಾಗದು, ಸರಿ. ಆದರೆ ಉಗುಳೋದು ಸ್ವಂತ ಉಸಿರನ್ನೇ? ಹೋದ ವರ್ಷ ನಿನ್ನ ಬೆಂಗಳೂರು ರೂಮಿಗೆ ಬಂದಾಗ ಮೇಜಿನ ಮೇಲೆ ಹಿಂದಿನ ದಿನದ ಇಡ್ಲಿ ಪೊಟ್ಟಣ, ದಾರವನ್ನೂ ಬಿಚ್ಚಿರಲಿಲ್ಲ. ಚಟ್ನಿ ಹಳಸಿತ್ತು. ನೀನು ಲ್ಯಾಪ್‌ಟಾಪಿನಿಂದ ಮುಖ ಎತ್ತದೆ "ಇನ್ನೊಂದು ಬಗ್ ಅಪ್ಪ" ಅಂದೆ. ನನಗೆ ಆಗ ನೆನಪಾದದ್ದು ಆ ಬಟನ್ನೇ.

ಅಲ್ಲಿ ಅಮ್ಮನೂ ಇಲ್ಲ, ನಾನೂ ಇಲ್ಲ. ರಾತ್ರಿ ಒಂದಕ್ಕೆ ಮಲಗು, ಹನ್ನೆರಡಕ್ಕಾದರೆ ಇನ್ನೂ ಒಳ್ಳೇದು. ಬೆಳಿಗ್ಗೆ ಏನಾದರೂ ತಿನ್ನು. ಕ್ರೆಡಿಟ್ ಕಾರ್ಡಿನಲ್ಲಿ ಬಾಕಿ ಉಳಿಸಬೇಡ. 2023ರಿಂದ ದೊಡ್ಡ ದೊಡ್ಡ ಗೇಮ್ ಕಂಪನಿಗಳೇ ಸಾವಿರಗಟ್ಟಲೆ ಜನರನ್ನು ತೆಗೆದಿವೆ, ಅದಕ್ಕೇ ಇನ್ನೊಂದು ವಿದ್ಯೆಯೂ ಕೈಯಲ್ಲಿರಲಿ. ನೋಡು, ಪಾಠಕ್ಕೇ ಇಳಿದೆ. ನೀನು ಈಗ ಕಣ್ಣು ಮೇಲೆ ಮಾಡಿರ್ತೀಯ.

ಆ ಗೇಮಿನಲ್ಲಿ ಮರದ ಹತ್ತಿರ ನಿಂತರೆ ಆಮ್ಲಜನಕ ತಾನಾಗಿ ತುಂಬಿಕೊಳ್ಳುತ್ತೆ ಅಂತ ನೀನೇ ತೋರಿಸಿದ್ದೆ. ಹಾಗೆ ನಿಲ್ಲುವುದಕ್ಕೆ ನಿನಗೆ ಯಾವತ್ತೂ ತಾಳ್ಮೆ ಇರಲಿಲ್ಲ. ಅದೇ ಹಟ ಇಲ್ಲದಿದ್ದರೆ ಸೀಟೂ ಸಿಗುತ್ತಿರಲಿಲ್ಲವೇನೋ, ಅದೂ ಗೊತ್ತು. ಆದರೂ ಆ ಬಟನ್ ಬಿಡೇ, ಪುಟ್ಟಿ.

ಯೂನಿವರ್ಸಿಟಿ ಕಳಿಸಿದ ಐ-20 ಪ್ರವೇಶ ಪತ್ರ ಮತ್ತು ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ. ಅಪ್ಪೆಮಿಡಿ ಡಬ್ಬಿ ದೊಡ್ಡ ಸೂಟ್‌ಕೇಸಿಗೆ, ಅಮ್ಮ ಅದಕ್ಕೆ ಟೇಪು ಸುತ್ತಿದ್ದಾಳೆ. ಸಾಲದ ಕಾಗದಕ್ಕೆ ನಿನ್ನ ಇನ್ನೊಂದು ಸಹಿ ಬೇಕಂತೆ. ನಾಳೆ ಹತ್ತೂವರೆಗೆ ಬ್ಯಾಂಕಿಗೆ ಹೋಗೋಣ, ಸ್ಕೂಟರ್ ನೀನೇ ಓಡಿಸು.

ನಿನ್ನ
ಅಪ್ಪ