ಮುಖಪುಟ ಬಿಡಿಸಿದವರ ಹೆಸರೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸತ್ಯಜಿತ್ ರೇ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಅವರ ಮುಖಪುಟ ಕೆಲಸದ ಮಾತು ಒಂದೇ ಸಾಲಿಗೆ ಮುಗಿದುಹೋಯಿತು: ಸಿನಿಮಾಕ್ಕೆ ಬರುವ ಮುಂಚೆ ಪುಸ್ತಕಗಳಿಗೆ ಮುಖಪುಟ ಬಿಡಿಸುತ್ತಿದ್ದರು ಅಂತ. ಬಂದ ಮೇಲೂ ಬಿಡಿಸುತ್ತಿದ್ದರು, ಸ್ವಾಮಿ!

ಅಚ್ಚಿನ ಮಸಿ ಅವರ ಮನೆತನದ್ದೇ. ತಾತ ಉಪೇಂದ್ರಕಿಶೋರ್ ಹಾಫ್‌ಟೋನ್ ಬ್ಲಾಕ್ (ಚಿತ್ರವನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಅಚ್ಚು ಹಾಕುವ ಪಡಿಯಚ್ಚು) ಮಾಡುವುದರಲ್ಲಿ ಪಳಗಿದ ಕೈ. ರೇ ಶಾಂತಿನಿಕೇತನದಲ್ಲಿ ಚಿತ್ರಕಲಾವಿದ ನಂದಲಾಲ್ ಬೋಸರ ಬಳಿ ಕಲಿಯಲು ಹೋಗಿ, ಕೋರ್ಸ್ ಮುಗಿಸದೆ ಕಲ್ಕತ್ತಾಕ್ಕೆ ವಾಪಸಾದರು. 1943ರಲ್ಲಿ ಡಿ.ಜೆ. ಕೀಮರ್ ಜಾಹೀರಾತು ಕಂಪನಿ ಸೇರಿದರು. ಸಂಬಳ ತಿಂಗಳಿಗೆ 80 ರೂಪಾಯಿ. ಅಲ್ಲೇ ಕೆಲಸಕ್ಕಿದ್ದ ಡಿ.ಕೆ. ಗುಪ್ತಾ ಸಿಗ್ನೆಟ್ ಪ್ರೆಸ್ ಎಂಬ ಪ್ರಕಾಶನ ಶುರು ಮಾಡಿ, ಮುಖಪುಟಗಳನ್ನು ಈ ಹುಡುಗನ ಕೈಗೆ ಒಪ್ಪಿಸಿದರು. ನೆಹರೂ ಅವರ ‘ಡಿಸ್ಕವರಿ ಆಫ್ ಇಂಡಿಯಾ’ಕ್ಕೆ, ಜೀವನಾನಂದ ದಾಸರ ಕವಿತೆಗಳಿಗೆ ಮುಖಪುಟ ಮಾಡಿದ್ದು ಇವರೇ.

ನನಗೆ ಜಾಸ್ತಿ ಇಷ್ಟವಾದದ್ದು ಬೇಟೆಗಾರ ಜಿಮ್ ಕಾರ್ಬೆಟ್ಟರ, ಹಿಮಾಲಯದ ಕುಮಾಊಂ ಸೀಮೆಯ ನರಭಕ್ಷಕ ಹುಲಿಗಳ ಪುಸ್ತಕದ ಬಂಗಾಳಿ ಅನುವಾದಕ್ಕೆ ಮಾಡಿದ್ದು. ಬಿಚ್ಚಿ ಬೋರಲು ಹಾಕಿದರೆ ಹುಲಿಯ ತೊಗಲು ಹರವಿದ ಹಾಗೆ ಕಾಣುತ್ತದೆ. ಒಂದು ಬದಿಗೆ ಗುಂಡು ಹೊಕ್ಕ ತೂತು, ಇನ್ನೊಂದು ಬದಿಗೆ ಹೊರಬಿದ್ದ ತೂತು. ಹೊರಬಿದ್ದದ್ದು ದೊಡ್ಡದು. ಗುಂಡಿನ ಗಾಯ ಸಾಮಾನ್ಯವಾಗಿ ಹಾಗೇ ಇರುತ್ತದಂತೆ. ಅಷ್ಟು ಯೋಚಿಸಿ ಮಾಡಿದ್ದು, ಸುಮ್ನೆ ಅಲ್ಲ. ರಾಮಕೃಷ್ಣ ಪರಮಹಂಸರ ಮೇಲಿನ ಪುಸ್ತಕಕ್ಕಂತೂ ಚಿತ್ರವೇ ಇಲ್ಲ. ಭಕ್ತರು ಹೊದೆಯುವ, ದೇವರ ನಾಮ ಅಚ್ಚಾದ ಬಟ್ಟೆ ಇರುತ್ತದಲ್ಲ, ಮುಖಪುಟವೇ ಆ ಬಟ್ಟೆ.

‘ಪಥೇರ್ ಪಾಂಚಾಲಿ’ಯ ಸಿನಿಮಾ ಹುಳ ತಲೆಗೆ ಹೊಕ್ಕಿದ್ದೂ ಆ ಹೆಸರಿನ ಬಂಗಾಳಿ ಕಾದಂಬರಿಯ ಮಕ್ಕಳ ಆವೃತ್ತಿಗೆ ಚಿತ್ರ ಬಿಡಿಸುವಾಗಲೇ. 1955ರಲ್ಲಿ ಸಿನಿಮಾ ಬಂತು, ದೊಡ್ಡ ಹೆಸರೂ ಬಂತು. ಕುಂಚ ಮಾತ್ರ ಕೆಳಗಿಡಲಿಲ್ಲ. ‘ಏಕ್ಷಣ’ ಎಂಬ ಸಾಹಿತ್ಯ ಪತ್ರಿಕೆಗೆ ವರ್ಷಗಟ್ಟಲೆ ಮುಖಪುಟ ಮಾಡಿಕೊಟ್ಟರು. ಇದ್ದದ್ದು ಅದೇ ಮೂರು ಅಕ್ಷರ: ಏ, ಕ್ಷ, ಣ. ಸಂಚಿಕೆಯಿಂದ ಸಂಚಿಕೆಗೆ ಅವನ್ನೇ ತಿರುಚಿ, ಹಿಗ್ಗಿಸಿ, ಮತ್ತೊಂದು ರೂಪ ಕೊಡುತ್ತಿದ್ದರು. ಈಗ ನಮ್ಮ ಎಷ್ಟೋ ಪುಸ್ತಕಗಳ ಹೆಸರು ಕಂಪ್ಯೂಟರಿನ ಅದೇ ನಾಲ್ಕೈದು ಫಾಂಟುಗಳಲ್ಲಿ ಬರುವುದನ್ನು ನೋಡಿದಾಗ ಇದು ನೆನಪಾಗುತ್ತದೆ.

ಒಂದು ಅನುಮಾನ ನನಗೆ. ರೇ ಸಿನಿಮಾ ಮಾಡದೇ ಇದ್ದಿದ್ದರೆ ಈ ಮುಖಪುಟಗಳಿಗೆ ನಿಮ್ಮ ಪುರವಣಿಯಲ್ಲಿ ಆ ಒಂದು ಸಾಲಾದರೂ ಸಿಗುತ್ತಿತ್ತಾ? ಹೋದ ತಿಂಗಳು ಮುಖಪುಟ ನೋಡಿಯೇ ಒಂದು ಕನ್ನಡ ಕಾದಂಬರಿ ಕೊಂಡೆ. ಮಳೆಯಲ್ಲಿ ನೆನೆದ ಹೆಂಚಿನ ಮಾಡು, ಅಂಚಿನಲ್ಲಿ ಒಂದೇ ಒಂದು ಕಾಗೆ. ಬಿಡಿಸಿದವರು ಯಾರೆಂದು ಒಳಪುಟ, ಬೆನ್ನುಪುಟ ಎಲ್ಲ ತಡಕಾಡಿದೆ. ಡಿಟಿಪಿ ಮಾಡಿದವರ ಹೆಸರಿದೆ, ಮುದ್ರಣಾಲಯದ ಫೋನ್ ನಂಬರಿದೆ, ಕಲಾವಿದರ ಹೆಸರಿಲ್ಲ.

ಪ್ರಕಾಶಕರಿಗೆ ಹೇಳುವುದು ಆಮೇಲೆ. ನಿಮ್ಮ ಹೊಸ ಪುಸ್ತಕಗಳ ಅಂಕಣದಲ್ಲಿ ಪ್ರತಿ ವಾರ ಲೇಖಕ, ಪ್ರಕಾಶಕ, ಪುಟ, ಬೆಲೆಗೆ ‘ಲೇ’, ‘ಪ್ರ’, ‘ಪು’, ‘ಬೆ’ ಅಂತ ಹಾಕುತ್ತೀರಲ್ವಾ? ಅದರ ಜೊತೆಗೆ ಮುಖಪುಟ ಬಿಡಿಸಿದವರಿಗೆ ‘ಮು’ ಅಂತಲೂ ಒಂದು ಸೇರಿಸಿ. ಹೆಚ್ಚೆಂದರೆ ಅರ್ಧ ಸಾಲು ಹಿಡಿಯುತ್ತದೆ.

– ಒಬ್ಬ ಓದುಗ, ಶಿವಮೊಗ್ಗ